ಕಳಿಸಿದ ಹಣ ಎಲ್ಲಿದೆ? ಬ್ಲಾಕ್ ಎಕ್ಸ್‌ಪ್ಲೋರರ್ ತೆರೆದು ಓದುವ ಬಗೆ

"ಕಳಿಸಿಯಾಗಿದೆ ಅಂತ ತೋರಿಸ್ತಿದೆ, ನನ್ನ ವಾಲೆಟ್‌ಗೆ ಮಾತ್ರ ಬಂದಿಲ್ಲ." ಕ್ರಿಪ್ಟೋ ಬಳಸುವವರ ನಡುವೆ ಮತ್ತೆ ಮತ್ತೆ ಕೇಳಿಬರುವ ದೂರು ಇದು. ವಾಲೆಟ್ ಆ್ಯಪ್ ಎಷ್ಟು ಸಲ ತೆರೆದು ಮುಚ್ಚಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಕಳಿಸಿದವರ ಸ್ಕ್ರೀನ್‌ಶಾಟ್‌ನಲ್ಲಂತೂ ಮೊದಲೇ ಇಲ್ಲ. ಚೈನ್‌ನಲ್ಲಿ, ಅಂದರೆ ಎಲ್ಲ ವಹಿವಾಟುಗಳ ಸಾರ್ವಜನಿಕ ಲೆಕ್ಕಪುಸ್ತಕದಲ್ಲಿ, ಏನು ಬರೆದಿದೆಯೋ ಅದನ್ನೇ ನೋಡಬೇಕು, ಅದನ್ನು ತೋರಿಸುವುದು ಬ್ಲಾಕ್ ಎಕ್ಸ್‌ಪ್ಲೋರರ್. ನೋಡುವುದಕ್ಕೆ ಲಾಗಿನ್ ಬೇಡ, ಹಣ ಕೊಡಬೇಕಿಲ್ಲ, ವಾಲೆಟ್ ಜೋಡಿಸುವ ಅಗತ್ಯವೂ ಇಲ್ಲ. ಹನ್ನೆರಡು ಅಥವಾ ಇಪ್ಪತ್ನಾಲ್ಕು ಪದಗಳ ಗುಪ್ತ ಪದಸಾಲನ್ನು ಕೇಳುವ ಪುಟ ಎಕ್ಸ್‌ಪ್ಲೋರರ್ ಅಲ್ಲ, ಬಲೆ. ತಕ್ಷಣ ಮುಚ್ಚಿ.

ಹುಡುಕುವ ಮುನ್ನ ಯಾವ ಚೈನ್ ಎಂದು ಗೊತ್ತಾಗಬೇಕು. ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ, ಏಕೆಂದರೆ ಒಂದು ಚೈನ್‌ನ ಎಕ್ಸ್‌ಪ್ಲೋರರ್‌ಗೆ ಇನ್ನೊಂದು ಚೈನ್‌ನ ಸುದ್ದಿ ಗೊತ್ತಿರುವುದಿಲ್ಲ. ವಿಳಾಸದ ರೂಪ ನೋಡಿಯೇ ಬಹಳಷ್ಟು ಹೇಳಬಹುದು. 1, 3 ಅಥವಾ "ಬಿಸಿ1" ಎಂದು ಶುರುವಾದರೆ ಬಿಟ್‌ಕಾಯಿನ್. "ಟಿ" ಇಂದ ಶುರುವಾಗುವ 34 ಅಕ್ಷರಗಳಿದ್ದರೆ ಟ್ರಾನ್. "0ಎಕ್ಸ್" ಆದಮೇಲೆ 40 ಹೆಕ್ಸ್ ಅಂಕಿಗಳಿದ್ದರೆ (0ಯಿಂದ 9, ಎ ಇಂದ ಎಫ್) ಇಥೀರಿಯಂ ಅಥವಾ ಅದರ ಬಳಗದ ಚೈನ್. 40ರ ಬದಲು 64 ಇದ್ದರೆ ಅದು ವಿಳಾಸವಲ್ಲ, ವಹಿವಾಟಿನ ಹ್ಯಾಶ್, ಅಂದರೆ ಆ ವಹಿವಾಟಿನ ಗುರುತು. ಬಿಟ್‌ಕಾಯಿನ್‌ನಲ್ಲೂ ಟ್ರಾನ್‌ನಲ್ಲೂ ವಹಿವಾಟಿನ ಗುರುತು 64 ಹೆಕ್ಸ್ ಅಂಕಿಗಳೇ, ಮುಂದೆ "0ಎಕ್ಸ್" ಇರುವುದಿಲ್ಲ. ಸೊಲಾನಾದ ವಹಿವಾಟಿನ ಸಹಿ ಇನ್ನೂ ಉದ್ದ, 87 ಅಥವಾ 88 ಅಕ್ಷರ. ಬಿಟ್‌ಕಾಯಿನ್‌ಗೆ ಮೆಂಪೂಲ್ ಡಾಟ್ ಸ್ಪೇಸ್, ಇಥೀರಿಯಂಗೆ ಈಥರ್‌ಸ್ಕ್ಯಾನ್ ಅಥವಾ ಬ್ಲಾಕ್‌ಸ್ಕೌಟ್, ಟ್ರಾನ್‌ಗೆ ಟ್ರಾನ್‌ಸ್ಕ್ಯಾನ್, ಸೊಲಾನಾಗೆ ಸೋಲ್‌ಸ್ಕ್ಯಾನ್ ತೆರೆದರೆ ಕೆಲಸ ನಡೆಯುತ್ತದೆ. ಸರ್ಚ್ ಎಂಜಿನ್‌ನಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ, ನಕಲಿ ತಾಣಗಳು ಅಲ್ಲೇ ಕಾದಿರುತ್ತವೆ. ಒಮ್ಮೆ ಸರಿಯಾದ ತಾಣ ಸಿಕ್ಕಮೇಲೆ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ.

ಕಲಿಯಲು ನಿಮ್ಮ ಸ್ವಂತ ವಹಿವಾಟೇ ಬೇಕೆಂದಿಲ್ಲ. ಬಿಟ್‌ಕಾಯಿನ್ ಎಕ್ಸ್‌ಪ್ಲೋರರ್ ತೆರೆದು ಹುಡುಕುವ ಪಟ್ಟಿಯಲ್ಲಿ 170 ಎಂದು ಬರೆದು ಎಂಟರ್ ಒತ್ತಿ. ಇದು 2009ರ ಜನವರಿ 12ರ ಬ್ಲಾಕ್, ಅಂದರೆ ಒಟ್ಟಿಗೆ ದಾಖಲಾದ ವಹಿವಾಟುಗಳ ಕಟ್ಟು; ಒಬ್ಬರಿಂದ ಇನ್ನೊಬ್ಬರಿಗೆ ಬಿಟ್‌ಕಾಯಿನ್ ಹೋದ ಮೊದಲ ವಹಿವಾಟು ಇದರೊಳಗಿದೆ. ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿ ನಕಾಮೊಟೊ, ಆರಂಭದ ಬಳಕೆದಾರ ಹಾಲ್ ಫಿನ್ನಿಗೆ 10 ಬಿಟ್‌ಕಾಯಿನ್ ಕಳಿಸಿದ್ದು. ಬ್ಲಾಕ್‌ನಲ್ಲಿ ಇರುವುದು ಎರಡೇ ವಹಿವಾಟು. ಮೊದಲನೆಯದು ಕಾಯಿನ್‌ಬೇಸ್, ಅಂದರೆ ಬ್ಲಾಕ್ ಕಟ್ಟಿದವರಿಗೆ ಹೊಸದಾಗಿ ಹುಟ್ಟಿದ 50 ಬಿಟ್‌ಕಾಯಿನ್. ಎರಡನೆಯದನ್ನು ತೆರೆಯಿರಿ.

ಎಡಗಡೆ ಒಳಬರುವ ಹಣ, ಬಲಗಡೆ ಹೊರಹೋಗುವ ಹಣ. ಎಡಕ್ಕೆ 50 ಇದೆ. ಬಲಕ್ಕೆ 10 ಮತ್ತು 40 ಎಂಬ ಎರಡು ಸಾಲು. ಹೊಸಬರು ಇಲ್ಲಿ ಎಡವುತ್ತಾರೆ: "ಕಳಿಸಿದ್ದು 10, ಹಾಗಾದರೆ ಈ 40 ಯಾರಿಗೆ ಹೋಯಿತು?" ಯಾರಿಗೂ ಹೋಗಿಲ್ಲ, ಅದು ಚಿಲ್ಲರೆ. ಬಿಟ್‌ಕಾಯಿನ್‌ನಲ್ಲಿ ಬ್ಯಾಂಕ್ ಖಾತೆಯಂತೆ ಒಂದು ಮೊತ್ತ ಏರಿಳಿಯುವುದಿಲ್ಲ. ಹಿಂದೆ ಬಂದ ಪ್ರತಿಯೊಂದು ಜಮೆಯೂ ಬೇರೆ ಬೇರೆ ಬೆಲೆಯ ನೋಟಿನಂತೆ ಇರುತ್ತದೆ. ಖರ್ಚು ಮಾಡುವಾಗ ಇಡೀ ನೋಟನ್ನೇ ಕೊಟ್ಟು ಚಿಲ್ಲರೆ ವಾಪಸ್ ಪಡೆಯಬೇಕು. ಇಲ್ಲಿ ಮುರಿದದ್ದು 9ನೇ ಬ್ಲಾಕ್‌ನಲ್ಲಿ ಹುಟ್ಟಿದ 50ರ ನೋಟು. 10 ಫಿನ್ನಿಗೆ, 40 ಕಳಿಸಿದವರಿಗೇ ವಾಪಸ್. ಎಡ-ಬಲದ ವ್ಯತ್ಯಾಸವೇ ಶುಲ್ಕ. ಇಲ್ಲಿ ಅದು ಸೊನ್ನೆ. ಈಗಿನ ಬಹುತೇಕ ವಾಲೆಟ್‌ಗಳು ಚಿಲ್ಲರೆಯನ್ನು ಪ್ರತಿ ಸಲ ಹೊಸ ವಿಳಾಸಕ್ಕೆ ಹಾಕುತ್ತವೆ. ಹಾಗಾಗಿ ಎಕ್ಸ್‌ಪ್ಲೋರರ್‌ನಲ್ಲಿ ನಿಮ್ಮ ಒಂದೇ ವಿಳಾಸ ಹುಡುಕಿ, ಬಾಕಿ ಸೊನ್ನೆ ಎಂದು ಕಂಡು ಗಾಬರಿಯಾಗುವುದು ಬೇಡ. ಉಳಿದದ್ದು ನಿಮ್ಮದೇ ವಾಲೆಟ್‌ನ ಬೇರೊಂದು ವಿಳಾಸದಲ್ಲಿರುತ್ತದೆ.

ಇದೇ ಪುಟದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಆ ಕಾಲದ ಈ ವಹಿವಾಟಿನಲ್ಲಿ ವಿಳಾಸವೇ ಇಲ್ಲ, ವಿಳಾಸಕ್ಕೆ ಮೂಲವಾದ ಸಾರ್ವಜನಿಕ ಕೀಯನ್ನೇ ನೇರವಾಗಿ ಬರೆದಿದೆ. ಕೆಲವು ಎಕ್ಸ್‌ಪ್ಲೋರರ್‌ಗಳು ಅದನ್ನು ಹಾಗೆಯೇ ತೋರಿಸುತ್ತವೆ, ಇನ್ನು ಕೆಲವು ಆ ಕೀಯಿಂದ ವಿಳಾಸ ಲೆಕ್ಕ ಹಾಕಿ ತೋರಿಸುತ್ತವೆ. ಫಿನ್ನಿಯ ಹೆಸರಂತೂ ಚೈನ್‌ನಲ್ಲಿ ಎಲ್ಲೂ ಇಲ್ಲ. ಅದು ಹೊರಗಿನಿಂದ ತಿಳಿದ ಸಂಗತಿ. ತೆರೆಯ ಮೇಲಿರುವುದರಲ್ಲಿ ಚೈನ್‌ನದು ಯಾವುದು, ಎಕ್ಸ್‌ಪ್ಲೋರರ್ ತಾನಾಗಿ ಸೇರಿಸಿದ್ದು ಯಾವುದು ಎಂದು ಬೇರ್ಪಡಿಸಿ ಓದುವುದು ಇಡೀ ಕೆಲಸದ ತಿರುಳು ಎನ್ನುವುದು ನಮ್ಮ ಅಭಿಪ್ರಾಯ. ಮೊತ್ತ, ವಿಳಾಸ, ಬ್ಲಾಕ್ ಸಂಖ್ಯೆ ಚೈನ್‌ನವು. ಡಾಲರ್ ಬೆಲೆ, ವಿಳಾಸದ ಪಕ್ಕದ ಹೆಸರುಪಟ್ಟಿ, "ವಂಚನೆ" ಎಂಬ ಕೆಂಪು ಎಚ್ಚರಿಕೆ, ಟೋಕನ್ (ಚೈನ್ ಮೇಲೆ ಬೇರೆಯವರು ಹೊರತಂದ ನಾಣ್ಯ) ಚಿತ್ರ ಇವೆಲ್ಲ ಸೇರ್ಪಡೆಗಳು. ಹಳೆಯ ವಹಿವಾಟಿನ ಪಕ್ಕದ ಡಾಲರ್ ಮೊತ್ತ ಎಷ್ಟೋ ಸಲ ಇವತ್ತಿನ ಬೆಲೆಯದು. ಲೆಕ್ಕಪತ್ರಕ್ಕೆ ಅದನ್ನು ಹಾಗೆಯೇ ಬರೆದುಕೊಂಡರೆ ತಪ್ಪಾಗುತ್ತದೆ. ಈಥರ್‌ಸ್ಕ್ಯಾನ್‌ನಲ್ಲಿ ಆ ಮೊತ್ತದ ಮೇಲೆ ಒತ್ತಿದರೆ ವಹಿವಾಟಿನ ದಿನದ ಬೆಲೆಗೆ ಬದಲಾಗುತ್ತದೆ.

ಈಗ ಬಾರದ ಹಣಕ್ಕೆ ಬರೋಣ. ಹ್ಯಾಶ್ ಅಂಟಿಸಿದಾಗ "ದೃಢೀಕರಣವಾಗಿಲ್ಲ" ಎಂದು ಬಂದರೆ ವಹಿವಾಟು ಮೆಂಪೂಲ್‌ನಲ್ಲಿದೆ, ಅಂದರೆ ಬ್ಲಾಕ್ ಹತ್ತಲು ಕಾಯುವ ಸಾಲಿನಲ್ಲಿ. ಆಗ ನೋಡಬೇಕಾದ್ದು ಒಟ್ಟು ಶುಲ್ಕವನ್ನಲ್ಲ, ಶುಲ್ಕದ ದರವನ್ನು: ಒಂದು ವರ್ಚುವಲ್ ಬೈಟ್‌ಗೆ (ವಹಿವಾಟಿನ ಗಾತ್ರದ ಅಳತೆ) ಎಷ್ಟು ಸತೋಶಿ. 1 ಬಿಟ್‌ಕಾಯಿನ್ ಅಂದರೆ 10 ಕೋಟಿ ಸತೋಶಿ. ಒಂದು ಬ್ಲಾಕ್‌ನಲ್ಲಿ ಹಿಡಿಯುವುದು ಸುಮಾರು 10 ಲಕ್ಷ ವರ್ಚುವಲ್ ಬೈಟ್. ಬ್ಲಾಕ್ ಕಟ್ಟುವ ಗಣಿಗಾರರು ದರ ಹೆಚ್ಚಿದ್ದವರನ್ನು ಮೊದಲು ಹತ್ತಿಸಿಕೊಳ್ಳುತ್ತಾರೆ. ಒಂದು ಒಳಸಾಲು, ಎರಡು ಹೊರಸಾಲು ಇರುವ "ಬಿಸಿ1ಕ್ಯೂ" ಮಾದರಿಯ ವಹಿವಾಟು ಸುಮಾರು 141 ವರ್ಚುವಲ್ ಬೈಟ್ ತೂಗುತ್ತದೆ. 2 ಸತೋಶಿ ದರಕ್ಕೆ 282 ಸತೋಶಿ ಕೊಟ್ಟು ಕಳಿಸಿದ್ದೀರಿ, ಎಕ್ಸ್‌ಪ್ಲೋರರ್ ಮುಂದಿನ ಬ್ಲಾಕ್‌ಗೆ 10 ಬೇಕು ಅನ್ನುತ್ತಿದೆ ಎಂದಿಟ್ಟುಕೊಳ್ಳಿ. ಹಣ ಕಳೆದಿಲ್ಲ, ಸಾಲಿನ ಹಿಂದೆ ನಿಂತಿದೆ ಅಷ್ಟೆ.

ಅಲ್ಲಿಂದ ಎರಡು ದಾರಿ. ಕಳಿಸಿದವರ ವಾಲೆಟ್‌ಗೆ ಆರ್‌ಬಿಎಫ್ (ಶುಲ್ಕ ಏರಿಸಿ ವಹಿವಾಟು ಬದಲಿಸುವ) ಸೌಲಭ್ಯವಿದ್ದರೆ ಅದೇ ನೋಟುಗಳನ್ನು ಹೆಚ್ಚಿನ ದರದಲ್ಲಿ ಮತ್ತೆ ಕಳಿಸಬಹುದು. ಆಗ ಹ್ಯಾಶ್ ಬದಲಾಗುತ್ತದೆ, ಹಳೆಯ ಹ್ಯಾಶ್ ಹುಡುಕಿದರೆ "ಬದಲಿಸಲಾಗಿದೆ" ಎಂದೋ "ಸಿಗಲಿಲ್ಲ" ಎಂದೋ ಬರುತ್ತದೆ. ಹಳೆಯದನ್ನೇ ಹಿಡಿದುಕೊಂಡು ಕೂತವರಿಗೆ ಹಣ ಮಾಯವಾದಂತೆ ಕಾಣುವುದು ಇದರಿಂದಲೇ. ಪಡೆಯುವವರು ನೀವಾಗಿದ್ದರೆ ಇನ್ನೊಂದು ದಾರಿ: ಇನ್ನೂ ದೃಢವಾಗದ ಆ ಹಣವನ್ನೇ ನಿಮ್ಮ ಇನ್ನೊಂದು ವಿಳಾಸಕ್ಕೆ ಹೆಚ್ಚಿನ ಶುಲ್ಕ ಕೊಟ್ಟು ಕಳಿಸಿಕೊಳ್ಳುವುದು. ಈ ಹೊಸ ವಹಿವಾಟು ಮಗು, ಸಿಕ್ಕಿಕೊಂಡ ಹಳೆಯದು ತಾಯಿ; ಮಗುವಿನ ವಹಿವಾಟು ಬ್ಲಾಕ್ ಸೇರಬೇಕಾದರೆ ತಾಯಿಯದೂ ಸೇರಲೇಬೇಕು, ಹಾಗಾಗಿ ಗಣಿಗಾರರು ಎರಡನ್ನೂ ಸೇರಿಸಿ ಸರಾಸರಿ ದರ ನೋಡುತ್ತಾರೆ. ಲೆಕ್ಕ ಹೀಗೆ: ತಾಯಿ 141, ಮಗು ಒಂದು ಒಳಸಾಲು ಒಂದು ಹೊರಸಾಲಿಗೆ ಸುಮಾರು 110, ಒಟ್ಟು 251 ವರ್ಚುವಲ್ ಬೈಟ್. ಸರಾಸರಿ 10 ಬೇಕಾದರೆ 2,510 ಸತೋಶಿ. ತಾಯಿ ಕೊಟ್ಟ 282 ಕಳೆದರೆ ಮಗು ಕೊಡಬೇಕಾದ್ದು 2,228. ಅಂದರೆ ಮಗುವಿನ ದರ 10 ಅಲ್ಲ, 20ಕ್ಕಿಂತ ಸ್ವಲ್ಪ ಹೆಚ್ಚು. ಮಗುವಿಗೆ ಬರೀ 10 ಹಾಕಿ ಕಾಯುತ್ತ ಕೂರುವುದು ಸಾಮಾನ್ಯ ತಪ್ಪು.

ಏನೂ ಮಾಡದೆ ಬಿಟ್ಟರೂ ಮುಳುಗಿಹೋಗುವುದಿಲ್ಲ. ಬಿಟ್‌ಕಾಯಿನ್ ಕೋರ್ ತಂತ್ರಾಂಶದ ಮೂಲ ಹೊಂದಾಣಿಕೆಯಲ್ಲಿ 336 ಗಂಟೆ, ಅಂದರೆ ಎರಡು ವಾರ ಕಾದ ವಹಿವಾಟನ್ನು ನೋಡ್ (ನೆಟ್‌ವರ್ಕ್‌ನಲ್ಲಿ ಆ ತಂತ್ರಾಂಶ ನಡೆಸುವ ಗಣಕ) ತನ್ನ ಮೆಂಪೂಲ್‌ನಿಂದ ತೆಗೆದುಹಾಕುತ್ತದೆ. ಹಣ ಕಳಿಸಿದವರ ಬಳಿಯೇ ಉಳಿಯುತ್ತದೆ. ಎಲ್ಲರಿಗೂ ಸೇರಿದ ಒಂದೇ ಮೆಂಪೂಲ್ ಎಂಬುದು ಇಲ್ಲ, ಪ್ರತಿ ನೋಡ್‌ಗೂ ತನ್ನದೇ ಇರುತ್ತದೆ. ಒಂದು ಎಕ್ಸ್‌ಪ್ಲೋರರ್‌ನಲ್ಲಿ ಕಾಣುವ ವಹಿವಾಟು ಇನ್ನೊಂದರಲ್ಲಿ ಕಾಣದಿರಲು ಅದೇ ಕಾರಣ. ಶುಲ್ಕ ಎಷ್ಟರ ಮಟ್ಟಿಗೆ ಏರಬಹುದು ಎಂದು ನೋಡಬೇಕಿದ್ದರೆ 840000 ಎಂದು ಹುಡುಕಿ. 2024ರ ಏಪ್ರಿಲ್‌ನಲ್ಲಿ ಗಣಿ ಬಹುಮಾನ 3.125 ಬಿಟ್‌ಕಾಯಿನ್‌ಗೆ ಇಳಿದ ಬ್ಲಾಕ್ ಅದು. ಆ ಒಂದೇ ಬ್ಲಾಕ್‌ನಲ್ಲಿ ಶುಲ್ಕವಾಗಿ ಸಂದಾಯವಾದದ್ದು 37 ಬಿಟ್‌ಕಾಯಿನ್‌ಗೂ ಹೆಚ್ಚು.

ಬ್ಲಾಕ್ ಹತ್ತಿದ ಮೇಲೆ ದೃಢೀಕರಣದ ಎಣಿಕೆ ಶುರು. ಈಗಿನ ತುದಿಯ ಬ್ಲಾಕ್ ಸಂಖ್ಯೆಯಿಂದ ವಹಿವಾಟಿನ ಬ್ಲಾಕ್ ಸಂಖ್ಯೆ ಕಳೆದು ಒಂದು ಕೂಡಿಸಿ. 840000ರಲ್ಲಿರುವ ವಹಿವಾಟಿಗೆ ತುದಿ 840005 ಆದಾಗ 6 ದೃಢೀಕರಣ. ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್, ಆದರೆ ಅದು ಸರಾಸರಿ ಮಾತ್ರ. ಎರಡು ನಿಮಿಷಕ್ಕೂ ಬರಬಹುದು, ಮುಕ್ಕಾಲು ಗಂಟೆ ಬರದೆಯೂ ಇರಬಹುದು. ಸಮಯದ ವಿಷಯದಲ್ಲೂ ಎಚ್ಚರ ಬೇಕು. ಕೆಲವು ಎಕ್ಸ್‌ಪ್ಲೋರರ್‌ಗಳು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ತೋರಿಸುತ್ತವೆ, ಕೆಲವು ನಿಮ್ಮ ಗಣಕದ ಸ್ಥಳೀಯ ಸಮಯ ತೋರಿಸುತ್ತವೆ. ಬ್ಲಾಕ್‌ನ ಸಮಯ ಬರೆಯುವವರು ಗಣಿಗಾರರೇ: ಹಿಂದಿನ 11 ಬ್ಲಾಕ್‌ಗಳ ಮಧ್ಯಾಂಕಕ್ಕಿಂತ ಮುಂದಿರಬೇಕು, ನೋಡ್‌ನ ಗಡಿಯಾರಕ್ಕಿಂತ ಎರಡು ಗಂಟೆಗೂ ಹೆಚ್ಚು ಮುಂದಿರಬಾರದು, ಅಷ್ಟೇ ನಿಯಮ. ಆದ್ದರಿಂದ ಮುಂದಿನ ಬ್ಲಾಕ್‌ನ ಸಮಯ ಹಿಂದಿನದಕ್ಕಿಂತ ಮೊದಲಿನದಾಗಿ ಕಂಡರೂ ದೋಷವಲ್ಲ.

ಇಥೀರಿಯಂ ಪುಟ ಬೇರೆಯದೇ ಜಾತಿ. ಇಲ್ಲಿ ನೋಟು-ಚಿಲ್ಲರೆ ಇಲ್ಲ, ಖಾತೆ ಇದೆ. ಅಭ್ಯಾಸಕ್ಕೆ ಈಥರ್‌ಸ್ಕ್ಯಾನ್‌ನಲ್ಲಿ 46147ನೇ ಬ್ಲಾಕ್ ತೆರೆಯಿರಿ: 2015ರ ಆಗಸ್ಟ್ 7, ಈ ಚೈನ್‌ನ ಮೊದಲ ವಹಿವಾಟು. ಕಳಿಸಿದ ಮೊತ್ತ 0.000000000000031337 ಈಥರ್ (ಇಥೀರಿಯಂನ ನಾಣ್ಯ). ಇಷ್ಟೊಂದು ಸೊನ್ನೆ ಏಕೆಂದರೆ ಚೈನ್ ಲೆಕ್ಕ ಇಡುವುದು ವೇಯ್‌ನಲ್ಲಿ. 1 ಈಥರ್‌ಗೆ ಒಂದರ ಮುಂದೆ 18 ಸೊನ್ನೆಯಷ್ಟು ವೇಯ್. ಕಳಿಸಿದ್ದು 31,337 ವೇಯ್. ಶುಲ್ಕದ ಸಾಲು ನೋಡಿ: 1.05 ಈಥರ್. ಸರಳ ವರ್ಗಾವಣೆಗೆ ಬೇಕಾಗುವ ಗ್ಯಾಸ್ ಆಗಲೂ 21,000, ಈಗಲೂ 21,000; ಆವತ್ತು ಗ್ಯಾಸ್ ಬೆಲೆ 50,000 ಗ್ವೇಯ್ (1 ಈಥರ್‌ಗೆ ನೂರು ಕೋಟಿ ಗ್ವೇಯ್). ಗುಣಿಸಿ, ನೂರು ಕೋಟಿಯಿಂದ ಭಾಗಿಸಿದರೆ 1.05 ಬರುತ್ತದೆ. ಗ್ಯಾಸ್ ಎಂದರೆ ಕೆಲಸದ ಪ್ರಮಾಣ, ಗ್ಯಾಸ್ ಬೆಲೆ ಎಂದರೆ ಆ ಕೆಲಸಕ್ಕೆ ಕೊಟ್ಟ ದರ. ಎರಡನ್ನೂ ಕಲಸಿಕೊಳ್ಳದಿದ್ದರೆ ಮುಂದಿನದೆಲ್ಲ ಸುಲಭ. 2021ರ ಆಗಸ್ಟ್ 5ರ 'ಲಂಡನ್' ಎಂಬ ನಿಯಮ ಬದಲಾವಣೆಯ ನಂತರದ ವಹಿವಾಟುಗಳಲ್ಲಿ ಮೂಲ ಶುಲ್ಕ ಸುಟ್ಟುಹೋದದ್ದೂ ಬೇರೆ ಸಾಲಿನಲ್ಲಿ ಕಾಣುತ್ತದೆ.

ಟೋಕನ್ ವರ್ಗಾವಣೆಯ ಪುಟ ನೋಡಿ ಹೆದರುವವರು ಬಹಳ. ಗೆಳೆಯರಿಗೆ 100 ಯುಎಸ್‌ಡಿಟಿ ಕಳಿಸಿದ್ದೀರಿ, ಪುಟದಲ್ಲಿ ನೋಡಿದರೆ ಮೊತ್ತ 0 ಈಥರ್, "ಯಾರಿಗೆ" ಎಂಬಲ್ಲಿ ಗೊತ್ತೇ ಇಲ್ಲದ ವಿಳಾಸ. ಆ ವಿಳಾಸ ಟೋಕನ್‌ನ ಕಾಂಟ್ರ್ಯಾಕ್ಟ್, ಅಂದರೆ ಅದರ ಲೆಕ್ಕ ಇಡುವ ಚೈನ್ ಮೇಲಿನ ಪ್ರೋಗ್ರಾಂ. ನೀವು ನಿಜವಾಗಿ ಮಾಡಿದ್ದು ಆ ಕಾಂಟ್ರ್ಯಾಕ್ಟ್‌ಗೆ "ನನ್ನ ಲೆಕ್ಕದಿಂದ ಇಂಥವರ ಲೆಕ್ಕಕ್ಕೆ ಇಷ್ಟು ಬದಲಿಸು" ಎಂದು ಹೇಳಿದ್ದು. ಪಡೆಯುವವರ ವಿಳಾಸ ಟೋಕನ್ ವರ್ಗಾವಣೆಯ ಸಾಲಿನಲ್ಲಿರುತ್ತದೆ. ನಂಬಿಕೆಯಾಗದಿದ್ದರೆ ಇನ್‌ಪುಟ್ ಡೇಟಾ ತೆರೆದು ಕೈಯಾರೆ ಓದಬಹುದು, ಒಮ್ಮೆಯಾದರೂ ಓದಿ ಎನ್ನುತ್ತೇವೆ. "0ಎಕ್ಸ್" ನಂತರದ ಮೊದಲ 8 ಹೆಕ್ಸ್ ಅಂಕಿ ಕೆಲಸದ ಗುರುತು. ವರ್ಗಾವಣೆಗೆ ಅದು "ಎ9059ಸಿಬಿಬಿ". ಮುಂದಿನ 64 ಅಂಕಿಗಳಲ್ಲಿ ಮೊದಲ 24 ಸೊನ್ನೆ, ಉಳಿದ 40 ಪಡೆಯುವವರ ವಿಳಾಸ. ಕೊನೆಯ 64 ಮೊತ್ತ. ಅದರ ತುದಿಯಲ್ಲಿ "5ಎಫ್5ಇ100" ಕಂಡರೆ ದಶಮಾನದಲ್ಲಿ 10 ಕೋಟಿ. ಇಥೀರಿಯಂನಲ್ಲಿ ಯುಎಸ್‌ಡಿಟಿಗೆ 6 ದಶಮಾಂಶ ಸ್ಥಾನ, ಹಾಗಾಗಿ 100. ಇದೇ ಹೆಸರಿನ ಟೋಕನ್‌ಗೆ ಬಿಎನ್‌ಬಿ ಚೈನ್‌ನಲ್ಲಿ 18 ಸ್ಥಾನ; ಚೈನ್ ಬದಲಾದರೆ ಭಾಗಿಸುವ ಸಂಖ್ಯೆಯೂ ಬದಲಾಗುತ್ತದೆ.

ಮೊದಲ 8 ಅಂಕಿ "095ಇಎ7ಬಿ3" ಆಗಿದ್ದರೆ ಹಣ ಹೋಗಿಲ್ಲ, ಅನುಮತಿ ಹೋಗಿದೆ. ನಿಮ್ಮ ಟೋಕನ್ ತೆಗೆದುಕೊಳ್ಳಲು ಬೇರೊಂದು ವಿಳಾಸಕ್ಕೆ ಒಪ್ಪಿಗೆ ಕೊಟ್ಟಿದ್ದೀರಿ. ಮೊತ್ತದ ಜಾಗದಲ್ಲಿ ಎಫ್ ಅಕ್ಷರವೇ 64 ಸಲ ಸಾಲಾಗಿ ನಿಂತಿದ್ದರೆ ಮಿತಿಯಿಲ್ಲದ ಒಪ್ಪಿಗೆ ಎಂದರ್ಥ. ಆ ವಿಳಾಸದ ಪರಿಚಯವಿಲ್ಲದಿದ್ದರೆ ಎಕ್ಸ್‌ಪ್ಲೋರರ್‌ನ ಟೋಕನ್ ಅನುಮತಿ ಪುಟದಿಂದ ಅದನ್ನು ರದ್ದು ಮಾಡಬೇಕು. ವಾಲೆಟ್ ಜೋಡಿಸುವುದಕ್ಕೆ ಕಾರಣವಿರುವ ಕೆಲವೇ ಜಾಗಗಳಲ್ಲಿ ಇದೊಂದು. ರದ್ದತಿಯೂ ಒಂದು ವಹಿವಾಟು, ಅದಕ್ಕೂ ಗ್ಯಾಸ್ ಬೇಕು.

ವಹಿವಾಟು ಸಫಲ ಎಂದಿದೆ, ವಿಳಾಸ ನಿಮ್ಮದೇ, ಆದರೂ ಈಥರ್ ಬಂದದ್ದು ಪಟ್ಟಿಯಲ್ಲಿ ಕಾಣುತ್ತಿಲ್ಲವೇ? "ಆಂತರಿಕ ವಹಿವಾಟು" ಎಂಬ ಟ್ಯಾಬ್ ನೋಡಿ. ಕಾಂಟ್ರ್ಯಾಕ್ಟ್ ಮೂಲಕ ಬಂದ ಈಥರ್ ಅಲ್ಲಿರುತ್ತದೆ. ಅವು ಚೈನ್‌ನಲ್ಲಿ ಪ್ರತ್ಯೇಕ ವಹಿವಾಟಾಗಿ ದಾಖಲಾಗುವುದಿಲ್ಲ. ಎಕ್ಸ್‌ಪ್ಲೋರರ್ ಮೂಲ ವಹಿವಾಟನ್ನು ಮತ್ತೆ ನಡೆಸಿ, ಒಳಗೆ ಏನೇನು ಕೈಬದಲಾಯಿತು ಎಂದು ಹೆಕ್ಕಿ ತೆಗೆಯುತ್ತದೆ. ಅದಕ್ಕೇ ಮುಖ್ಯ ಪಟ್ಟಿಯಲ್ಲಿ ಸಿಗುವುದಿಲ್ಲ.

"ವಿಫಲ" ಎಂಬ ಕೆಂಪು ಗುರುತಿದ್ದರೆ ಮೊತ್ತ ಕಳಿಸಿದವರ ಬಳಿಯೇ ಇದೆ, ಆದರೆ ಶುಲ್ಕ ಹೋಗಿದೆ. ವಿಫಲವಾಗುವವರೆಗಿನ ಕೆಲಸವನ್ನು ನೆಟ್‌ವರ್ಕ್ ಮಾಡಿಯಾಗಿತ್ತು. ಗ್ಯಾಸ್ ಮಿತಿಯಷ್ಟೂ ಬಳಕೆಯಾಗಿದ್ದರೆ ಮಿತಿ ಸಾಲದೆ ನಿಂತಿರುವ ಸಾಧ್ಯತೆ ಹೆಚ್ಚು. ಮಿತಿ ಮಿಕ್ಕಿದ್ದೂ ವಿಫಲವಾಗಿದ್ದರೆ ಕಾಂಟ್ರ್ಯಾಕ್ಟ್‌ನ ಯಾವುದೋ ಷರತ್ತು ತಪ್ಪಿದೆ: ಟೋಕನ್ ಸಾಕಷ್ಟಿರಲಿಲ್ಲ, ಅನುಮತಿ ಇರಲಿಲ್ಲ, ವಿನಿಮಯದ ಬೆಲೆ ನೀವು ಒಪ್ಪಿದ್ದಕ್ಕಿಂತ ಜಾರಿತು. ವಿಫಲವೂ ಅಲ್ಲದೆ ಗಂಟೆಗಟ್ಟಲೆ ಬಾಕಿ ಇದ್ದರೆ ನಾನ್ಸ್, ಅಂದರೆ ಖಾತೆಯ ವಹಿವಾಟಿನ ಕ್ರಮಸಂಖ್ಯೆ, ನೋಡಿ. ಖಾತೆಯ ವಹಿವಾಟುಗಳು 0, 1, 2 ಎಂಬ ಕ್ರಮದಲ್ಲೇ ಸಾಗಬೇಕು; 14 ಸಿಕ್ಕಿಹಾಕಿಕೊಂಡರೆ 15, 16 ಎಷ್ಟೇ ಶುಲ್ಕ ಕೊಟ್ಟರೂ ಅಲ್ಲಾಡುವುದಿಲ್ಲ. 14ನ್ನೇ ಅದೇ ನಾನ್ಸ್‌ನಲ್ಲಿ, ಕನಿಷ್ಠ ಶೇ. 10ರಷ್ಟು ಹೆಚ್ಚು ದರ ಕೊಟ್ಟು ಮತ್ತೆ ಕಳಿಸಬೇಕು. ಇಥೀರಿಯಂನ ಗೆತ್ ತಂತ್ರಾಂಶ ನಡೆಸುವ ನೋಡ್‌ಗಳು ಅದಕ್ಕಿಂತ ಕಡಿಮೆ ಏರಿಕೆಯನ್ನು ಒಪ್ಪುವುದಿಲ್ಲ. ಇಲ್ಲಿ ಬ್ಲಾಕ್‌ಗೆ 12 ಸೆಕೆಂಡಿನ ಲೆಕ್ಕ, ಅಂತಿಮವಾಗಲು ಸುಮಾರು 13 ನಿಮಿಷ. ಈಥರ್‌ಸ್ಕ್ಯಾನ್ ಬ್ಲಾಕ್ ಸಂಖ್ಯೆಯ ಪಕ್ಕದಲ್ಲಿ ಅದನ್ನು ತೋರಿಸುತ್ತದೆ.

ಹ್ಯಾಶ್ ಎಲ್ಲೂ ಸಿಗದಿದ್ದರೆ ನೆಟ್‌ವರ್ಕ್ ತಪ್ಪಿರಬಹುದು. "0ಎಕ್ಸ್" ವಿಳಾಸ ಇಥೀರಿಯಂ, ಬಿಎನ್‌ಬಿ ಚೈನ್, ಪಾಲಿಗಾನ್, ಆರ್ಬಿಟ್ರಮ್, ಬೇಸ್ ಎಲ್ಲದರಲ್ಲೂ ಒಂದೇ ರೂಪದ್ದು. ಅದೇ ವಿಳಾಸವನ್ನು ಆಯಾ ಎಕ್ಸ್‌ಪ್ಲೋರರ್‌ನಲ್ಲಿ ಒಂದೊಂದಾಗಿ ಹುಡುಕಿ. ಗುಪ್ತ ಕೀ ನಿಮ್ಮ ಬಳಿಯೇ ಇರುವ ಸಾಮಾನ್ಯ ವಾಲೆಟ್ ಆದರೆ ವಾಲೆಟ್‌ಗೆ ಆ ನೆಟ್‌ವರ್ಕ್ ಸೇರಿಸಿದರೆ ಹಣ ಕಣ್ಣೆದುರು ಬರುತ್ತದೆ. ವಿನಿಮಯ ಕೇಂದ್ರ ಕೊಟ್ಟ ಜಮಾ ವಿಳಾಸವಾದರೆ ಕೀ ಅವರ ಬಳಿ ಇರುವುದರಿಂದ ಅವರೇ ತೆಗೆದುಕೊಡಬೇಕು. ಒಂದೇ ವಿನಿಮಯ ಕೇಂದ್ರದ ಇಬ್ಬರು ಗ್ರಾಹಕರ ನಡುವಿನ ವರ್ಗಾವಣೆ ಅವರ ಒಳಲೆಕ್ಕದಲ್ಲೇ ಮುಗಿಯುವುದೂ ಉಂಟು. ಆಗ ಚೈನ್‌ನಲ್ಲಿ ಹುಡುಕಲು ಏನೂ ಇರುವುದಿಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಲೇಬೇಕು. ವಿಳಾಸದ ಇತಿಹಾಸದಲ್ಲಿ ನೀವು ಮಾಡದ ವರ್ಗಾವಣೆ, ನೀವೇ ಕಳಿಸಿದಂತೆ, 0 ಮೊತ್ತದೊಂದಿಗೆ ಕಾಣಿಸಬಹುದು. ಕೀ ಕಳವಾಗಿಲ್ಲ. ಅನುಮತಿ ಪಡೆದವರು ತೆಗೆದುಕೊಳ್ಳಬಹುದಾದ ಮೊತ್ತಕ್ಕೆ ಮಿತಿ ಇರುತ್ತದೆ. ಅನುಮತಿಯೇ ಇಲ್ಲದವರ ಮಿತಿ ಸೊನ್ನೆ. ಸೊನ್ನೆ ಟೋಕನ್ ತೆಗೆಯುವುದು ಆ ಮಿತಿಯನ್ನು ಮೀರುವುದಿಲ್ಲವಾದ್ದರಿಂದ ಕಾಂಟ್ರ್ಯಾಕ್ಟ್ ಅದನ್ನು ನಡೆಸಿಬಿಡುತ್ತದೆ. ವಂಚಕರು ನೀವು ಆಗಾಗ ಕಳಿಸುವ ವಿಳಾಸದ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಹೋಲುವ ವಿಳಾಸ ಹುಟ್ಟಿಸಿ, ಇತಿಹಾಸದಲ್ಲಿ ಹೀಗೆ ನೆಟ್ಟು ಹೋಗುತ್ತಾರೆ. ಎಕ್ಸ್‌ಪ್ಲೋರರ್ ನಡುವಿನ ಅಕ್ಷರಗಳನ್ನು ಚುಕ್ಕಿಯಾಗಿಸಿ ತೋರಿಸುವುದರಿಂದ ಎರಡೂ ಒಂದೇ ಥರ ಕಾಣುತ್ತವೆ. ನಕಲಿ ಟೋಕನ್‌ನ ಕಾಂಟ್ರ್ಯಾಕ್ಟ್ ಅಂತೂ ಯಾರ ಹೆಸರಿನಲ್ಲಿ ಎಷ್ಟು ಮೊತ್ತದ ವರ್ಗಾವಣೆಯನ್ನಾದರೂ ದಾಖಲಿಸಬಲ್ಲದು. ಇತಿಹಾಸದ ಪಟ್ಟಿಯಿಂದ ವಿಳಾಸ ನಕಲು ಮಾಡಿ ಹಣ ಕಳಿಸಲೇಬೇಡಿ. ಟೋಕನ್ ನಿಜವೇ ಎಂಬುದನ್ನು ಹೆಸರು, ಚಿತ್ರ ನೋಡಿ ನಿರ್ಧರಿಸದೆ, ಅದನ್ನು ಹೊರತಂದವರ ತಾಣದಲ್ಲಿರುವ ಕಾಂಟ್ರ್ಯಾಕ್ಟ್ ವಿಳಾಸದೊಂದಿಗೆ ಪೂರ್ತಿ ಹೋಲಿಸಿ. ಕಾಂಟ್ರ್ಯಾಕ್ಟ್ ಪಕ್ಕದ ಹಸಿರು ಗುರುತಿನ ಅರ್ಥ ಮೂಲ ಕೋಡ್ ಪ್ರಕಟವಾಗಿದೆ ಎಂದಷ್ಟೆ. ಕೋಡ್ ಪ್ರಾಮಾಣಿಕವೇ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಹುಡುಕಾಟಕ್ಕೂ ಒಂದು ಬೆಲೆಯಿದೆ. ವಿಳಾಸ ಅಂಟಿಸಿದ ಕ್ಷಣ ಆ ವಿಳಾಸ ಮತ್ತು ನಿಮ್ಮ ಐಪಿ ಎರಡೂ ಎಕ್ಸ್‌ಪ್ಲೋರರ್ ನಡೆಸುವವರಿಗೆ ಒಟ್ಟಿಗೆ ತಿಳಿಯುತ್ತವೆ. ದೊಡ್ಡ ಮೊತ್ತ ಇಟ್ಟುಕೊಂಡವರು ಐಪಿ ಮರೆಮಾಡುವ ಟಾರ್ ಬ್ರೌಸರ್ ಮೂಲಕ ನೋಡುವುದು, ಇಲ್ಲವೇ ಸ್ವಂತ ನೋಡ್ ನಡೆಸಿ ಅದರ ಮೇಲೆ ಮೆಂಪೂಲ್‌ನಂಥ ಮುಕ್ತ ತಂತ್ರಾಂಶ ಹಾಕಿಕೊಳ್ಳುವುದು ಒಳ್ಳೆಯದು. ಬಿಟ್‌ಕಾಯಿನ್ ಕೋರ್ ತಾನಾಗಿ ಎಲ್ಲ ವಿಳಾಸಗಳ ಸೂಚಿ ಇಟ್ಟುಕೊಳ್ಳುವುದಿಲ್ಲ. ವಿಳಾಸದಿಂದ ಹುಡುಕಬೇಕಾದರೆ ಅದರ ಜೊತೆಗೆ ಎಲೆಕ್ಟ್ರಮ್ ಮಾದರಿಯ ಸೂಚಿ ಸರ್ವರ್ ಬೇಕಾಗುತ್ತದೆ.

ಇಷ್ಟೆಲ್ಲ ನೋಡಿದಮೇಲೂ ವಿನಿಮಯ ಕೇಂದ್ರಕ್ಕೆ ದೂರು ಬರೆಯಬೇಕಾಗಿ ಬಂದರೆ ಸ್ಕ್ರೀನ್‌ಶಾಟ್ ಬದಲು ಅಕ್ಷರಗಳಲ್ಲೇ ಕೊಡಿ: ನೆಟ್‌ವರ್ಕ್ ಹೆಸರು, ಪೂರ್ತಿ ಹ್ಯಾಶ್, ಬ್ಲಾಕ್ ಸಂಖ್ಯೆ, ಯುಟಿಸಿ ಸಮಯ, ಟೋಕನ್ ಆದರೆ ಕಾಂಟ್ರ್ಯಾಕ್ಟ್ ವಿಳಾಸ, ಮೊತ್ತ, ಪಡೆಯಬೇಕಿದ್ದ ವಿಳಾಸ. ಬಿಟ್‌ಕಾಯಿನ್‌ನಲ್ಲಿ ಒಂದೇ ವಹಿವಾಟಿನಲ್ಲಿ ನೂರಾರು ಗ್ರಾಹಕರಿಗೆ ಒಟ್ಟಿಗೆ ಪಾವತಿ ಮಾಡುವುದಿದೆ, ಹಾಗಾಗಿ ನಿಮ್ಮದು ಎಷ್ಟನೇ ಹೊರಸಾಲು ಎಂಬುದನ್ನೂ ಬರೆಯಿರಿ. ಎಣಿಕೆ ಸೊನ್ನೆಯಿಂದ ಶುರು. ಎಕ್ಸ್‌ಆರ್‌ಪಿ ಅಥವಾ ಸ್ಟೆಲ್ಲರ್ ಆಗಿದ್ದರೆ ಟ್ಯಾಗ್ ಇಲ್ಲವೇ ಮೆಮೊ ಬೇಕೇ ಬೇಕು. ಅಲ್ಲಿ ಎಲ್ಲ ಗ್ರಾಹಕರ ಜಮೆಯೂ ಒಂದೇ ವಿಳಾಸಕ್ಕೆ ಬರುವುದು ವಾಡಿಕೆ, ಆ ಸಂಖ್ಯೆಯಿಲ್ಲದೆ ಹಣ ಯಾರದೆಂದು ಅವರಿಗೂ ಗೊತ್ತಾಗುವುದಿಲ್ಲ.